ಸ್ಕೇಲಾರ್, ವೆಕ್ಟರ್, ಕಾಂಪೊನೆಂಟ್: ಬಾಣ ಬಿಡಿಸುವುದರಿಂದ ಲೆಕ್ಕ ಮುಗಿಸುವವರೆಗೆ

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಜಾಸ್ತಿ ಮಂದಿ ಮೊದಲು ಎಡವುವುದು ವೆಕ್ಟರ್‌ನಲ್ಲಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಭಾಷೆಯೂ ಬದಲಾಗಿರುತ್ತದೆ, ಗಣಿತವೂ ಬದಲಾಗಿರುತ್ತದೆ. ಆ ಗಲಿಬಿಲಿಯಲ್ಲಿ ಒಂದು ಸುಲಭದ ಸೂತ್ರ ಕಿವಿಗೆ ಬೀಳುತ್ತದೆ: ಎಕ್ಸ್‌ಗೆ ಕಾಸ್, ವೈಗೆ ಸೈನ್. ಮಕ್ಕಳು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಮೊದಲ ನಾಲ್ಕು ಲೆಕ್ಕಕ್ಕೆ ಅದು ಸರಿಯಾಗಿ ಕೆಲಸ ಮಾಡುತ್ತದೆ, ಇಳಿಜಾರಿನ ಲೆಕ್ಕ ಬಂದ ದಿನ ಕೈಕೊಡುತ್ತದೆ. ಈ ಬರಹ ಓದಿ ಮುಗಿಸುವಷ್ಟರಲ್ಲಿ ನೀವು ಆ ಸೂತ್ರವನ್ನು ಬಿಟ್ಟು, ಚಿತ್ರ ನೋಡಿಯೇ ಕಾಸ್ ಎಲ್ಲಿ, ಸೈನ್ ಎಲ್ಲಿ ಅಂತ ಹೇಳುವಂತಾಗಬೇಕು. ಅದೇ ನನ್ನ ಆಸೆ.

ಕನ್ನಡ ಪಠ್ಯದಲ್ಲಿ ಇವನ್ನು ಅದಿಶ, ಸದಿಶ, ಘಟಕ ಅಂತ ಬರೆದಿರುತ್ತಾರೆ. ತರಗತಿಯಲ್ಲಿ ಕೇಳುವುದು ಸ್ಕೇಲಾರ್, ವೆಕ್ಟರ್, ಕಾಂಪೊನೆಂಟ್. ಇಲ್ಲಿ ನಾನು ತರಗತಿಯ ಮಾತನ್ನೇ ಬಳಸುತ್ತೇನೆ. ಒಂದು ಪುಸ್ತಕ, ಪೆನ್ಸಿಲ್, ಸ್ಕೇಲ್, ಕೋನಮಾಪಕ ಪಕ್ಕದಲ್ಲಿ ಇಟ್ಟುಕೊಳ್ಳಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ, ಬಿಡಿಸುತ್ತಾ ಓದಬೇಕು.

ಯಾವುದು ಸ್ಕೇಲಾರ್, ಯಾವುದು ವೆಕ್ಟರ್

ಒಂದು ಸಂಖ್ಯೆ, ಒಂದು ಏಕಮಾನ ಹೇಳಿದರೆ ಮಾತು ಮುಗಿಯುತ್ತದಾ? ಹಾಗಾದರೆ ಅದು ಸ್ಕೇಲಾರ್. 2 ಕೆ.ಜಿ. ಅಕ್ಕಿ, 40 ನಿಮಿಷ, 31 ಡಿಗ್ರಿ ಸೆಲ್ಸಿಯಸ್. ಇವಕ್ಕೆ ‘ಯಾವ ಕಡೆಗೆ?’ ಅಂತ ಯಾರೂ ಕೇಳುವುದಿಲ್ಲ. ‘5 ಕಿ.ಮೀ. ಹೋದ’ ಅಂದಾಗ ‘ಎತ್ತ?’ ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ಅವನು ಈಗ ಎಲ್ಲಿದ್ದಾನೆ ಅಂತ ಹೇಳಲಾಗದು. ದಿಕ್ಕು ಸೇರಿದರೆ ಮಾತ್ರ ಪೂರ್ತಿಯಾಗುವಂಥದ್ದು ವೆಕ್ಟರ್.

ಜೋಡಿ ಜೋಡಿಯಾಗಿ ನೆನಪಿಟ್ಟುಕೊಂಡರೆ ಸುಲಭ. ದೂರ ಸ್ಕೇಲಾರ್, ಸ್ಥಾನಪಲ್ಲಟ (ಹೊರಟ ಜಾಗದಿಂದ ಮುಟ್ಟಿದ ಜಾಗಕ್ಕೆ ಎಳೆದ ನೇರ ಬಾಣ) ವೆಕ್ಟರ್. ಜವ (ಸ್ಪೀಡ್) ಸ್ಕೇಲಾರ್, ವೇಗ (ವೆಲಾಸಿಟಿ) ವೆಕ್ಟರ್. ರಾಶಿ ಸ್ಕೇಲಾರ್, ತೂಕ ವೆಕ್ಟರ್, ಯಾಕೆಂದರೆ ತೂಕ ಅನ್ನುವುದು ಭೂಮಿ ಕೆಳಗೆ ಎಳೆಯುವ ಬಲ. ಬಲ, ವೇಗೋತ್ಕರ್ಷ, ಸಂವೇಗ ಎಲ್ಲವೂ ವೆಕ್ಟರ್. ಕೆಲಸ, ಶಕ್ತಿ, ಒತ್ತಡ, ತಾಪ ಎಲ್ಲವೂ ಸ್ಕೇಲಾರ್.

ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ದಿಕ್ಕು ಇದ್ದ ಮಾತ್ರಕ್ಕೆ ವೆಕ್ಟರ್ ಆಗುವುದಿಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ತಂತಿಯಲ್ಲಿ ಹರಿಯುವ ಕರೆಂಟ್ ತಗೊಳ್ಳಿ. ಇತ್ತಿಂದ ಅತ್ತ ಹರಿಯುತ್ತದೆ, ಬಾಣ ಹಾಕಿಯೇ ತೋರಿಸುತ್ತೇವೆ. ಆದರೂ ಅದು ಸ್ಕೇಲಾರ್. ಎರಡು ತಂತಿಗಳು ಒಂದು ಕಡೆ ಸೇರಿ ಮೂರನೇ ತಂತಿಯಾಗುತ್ತವೆ ಅಂದುಕೊಳ್ಳಿ, ಒಂದರಲ್ಲಿ 3 ಆಂಪಿಯರ್, ಇನ್ನೊಂದರಲ್ಲಿ 4. ಎರಡರ ನಡುವೆ 90 ಡಿಗ್ರಿ ಇರಲಿ, 30 ಡಿಗ್ರಿ ಇರಲಿ, ಮೂರನೇ ತಂತಿಯಲ್ಲಿ ಬರುವುದು 7 ಆಂಪಿಯರ್. ಕೋನಕ್ಕೆ ಇಲ್ಲಿ ಬೆಲೆಯೇ ಇಲ್ಲ. ವೆಕ್ಟರ್ ಆಗಿದ್ದರೆ 90 ಡಿಗ್ರಿಯಲ್ಲಿ 5 ಬರಬೇಕಿತ್ತು. ಹಾಗಾಗಿ ನಿಜವಾದ ಪರೀಕ್ಷೆ ಕೂಡುವುದರಲ್ಲಿದೆ: ಪರಿಮಾಣ ಇರಬೇಕು, ದಿಕ್ಕು ಇರಬೇಕು, ಜೊತೆಗೆ ಸಮಾಂತರ ಚತುರ್ಭುಜದ ನಿಯಮದಂತೆ (ಎರಡು ಬಾಣಗಳನ್ನು ಪಕ್ಕದ ಬಾಹುಗಳಾಗಿ ಇಟ್ಟು ಸಮಾಂತರ ಚತುರ್ಭುಜ ಬಿಡಿಸಿದರೆ, ಬುಡಗಳು ಸೇರುವ ಮೂಲೆಯಿಂದ ಎಳೆದ ಕರ್ಣವೇ ಮೊತ್ತ) ಕೂಡಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ನೀವೇ ಮಾಡಿ ನೋಡಬಹುದು. ಒಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಮೊದಲು ಮೇಜಿನ ಮೇಲೇ 90 ಡಿಗ್ರಿ ತಿರುಗಿಸಿ, ಆಮೇಲೆ ನಿಮ್ಮ ಕಡೆಗೆ 90 ಡಿಗ್ರಿ ಮಗುಚಿ ನಿಲ್ಲಿಸಿ. ಮತ್ತೆ ಮೊದಲಿನಂತೆ ಇಟ್ಟು, ಈ ಸಲ ಮೊದಲು ಮಗುಚಿ, ಆಮೇಲೆ ತಿರುಗಿಸಿ. ಪುಸ್ತಕ ನಿಲ್ಲುವ ರೀತಿ ಬೇರೆಯಾಗುತ್ತದೆ. ಪ್ರತಿ ತಿರುಗಿಸುವಿಕೆಗೂ ಪರಿಮಾಣ ಇದೆ, ದಿಕ್ಕೂ ಇದೆ. ಆದರೆ ಹಿಂದುಮುಂದು ಮಾಡಿದರೆ ಉತ್ತರ ಬದಲಾಗುತ್ತದೆ. ವೆಕ್ಟರ್‌ಗಳು ಹಾಗಲ್ಲ, ಯಾವುದನ್ನು ಮೊದಲು ಕೂಡಿದರೂ ಒಂದೇ. ಆದ್ದರಿಂದ ಇಂಥ ದೊಡ್ಡ ತಿರುಗುವಿಕೆ ವೆಕ್ಟರ್ ಅಲ್ಲ.

ಮೈನಸ್ ಚಿಹ್ನೆ ನೋಡಿ ಮೋಸ ಹೋಗಬೇಡಿ. ತಾಪ ಮೈನಸ್ 5 ಡಿಗ್ರಿ ಅಂದರೆ ಸೊನ್ನೆಗಿಂತ ಕಡಿಮೆ ಅಂತಷ್ಟೇ. ಆದರೆ ಒಂದೇ ಗೆರೆಯ ಮೇಲಿನ ವೇಗ ಮೈನಸ್ 5 ಅಂದರೆ ಎದುರು ದಿಕ್ಕು ಅಂತ ಅರ್ಥ.

ಮೊದಲ ಕೆಲಸ: ಬಾಣ ಬಿಡಿಸಿ

ವೆಕ್ಟರ್ ಅಂದರೆ ಬಾಣ. ಉದ್ದ ಪರಿಮಾಣವನ್ನು ಹೇಳುತ್ತದೆ, ಮೊನೆ ದಿಕ್ಕನ್ನು ಹೇಳುತ್ತದೆ. ಅಳತೆ ಮೊದಲೇ ಗೊತ್ತು ಮಾಡಿಕೊಳ್ಳಿ, 1 ಸೆಂ.ಮೀ.ಗೆ 10 ನ್ಯೂಟನ್ ಅಂತಲೋ 20 ಕಿ.ಮೀ. ಅಂತಲೋ. ಉದ್ದ ಮತ್ತು ದಿಕ್ಕು ಬದಲಾಗದಿದ್ದರೆ ಬಾಣವನ್ನು ಹಾಳೆಯ ಮೇಲೆ ಎಲ್ಲಿಗೆ ಬೇಕಾದರೂ ಸರಿಸಬಹುದು, ಅದು ಅದೇ ವೆಕ್ಟರ್. ಈ ಸ್ವಾತಂತ್ರ್ಯವೇ ಕೂಡುವುದಕ್ಕೆ ದಾರಿ ಮಾಡಿಕೊಡುತ್ತದೆ. ಮೊದಲ ಬಾಣದ ಮೊನೆಗೆ ಎರಡನೆಯದರ ಬುಡ ಜೋಡಿಸಿ. ಮೊದಲನೆಯದರ ಬುಡದಿಂದ ಕೊನೆಯದರ ಮೊನೆಗೆ ಎಳೆದ ಬಾಣವೇ ಫಲಿತ.

ಈಗ 3 ಸೆಂ.ಮೀ. ಮತ್ತು 4 ಸೆಂ.ಮೀ. ಬಾಣಗಳನ್ನು ಬೇರೆ ಬೇರೆ ಕೋನದಲ್ಲಿ ಜೋಡಿಸಿ ಅಳೆಯಿರಿ. ಒಂದೇ ದಿಕ್ಕಿಗಿದ್ದರೆ 7. ಎದುರುಬದುರಾದರೆ 1. ಲಂಬವಾಗಿದ್ದರೆ 5. ಉಳಿದ ಕೋನಗಳಲ್ಲಿ 1 ಮತ್ತು 7ರ ನಡುವೆ ಎಲ್ಲೋ ಇರುತ್ತದೆ. ‘3 ಮತ್ತು 4 ಪರಿಮಾಣದ ಎರಡು ವೆಕ್ಟರ್ ಕೂಡಿದರೆ 8 ಬರಬಹುದಾ’ ಅಂತ ಪರೀಕ್ಷೆಯಲ್ಲಿ ಕೇಳಿದರೆ ಲೆಕ್ಕವೇ ಬೇಡ, ಬರುವುದಿಲ್ಲ.

ಬಿಡಿಸಿ ಅಳೆಯುವ ವಿಧಾನ ಚೆನ್ನಾಗಿಯೇ ಇದೆ. ಆದರೆ ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಜಾರುತ್ತದೆ, ನಾಲ್ಕೈದು ಬಾಣ ಇದ್ದರೆ ಹಾಳೆ ಸಾಲುವುದಿಲ್ಲ. ಅದಕ್ಕೇ ಕಾಂಪೊನೆಂಟ್ ಬೇಕಾಗುವುದು.

ಕಾಂಪೊನೆಂಟ್ ಅಂದರೇನು: ಬೆಂಗಳೂರಿನಿಂದ ಮೈಸೂರಿಗೆ

ಒಂದು ನಿಜವಾದ ವೆಕ್ಟರ್ ತಗೊಳ್ಳೋಣ. ಬೆಂಗಳೂರಿನಿಂದ ಮೈಸೂರಿಗೆ ರಸ್ತೆಯಲ್ಲಿ ಸುಮಾರು 145 ಕಿ.ಮೀ. ಇದು ದೂರ, ಸ್ಕೇಲಾರ್. ಸ್ಥಾನಪಲ್ಲಟ ಎಷ್ಟು? ಅದಕ್ಕೆ ಅಕ್ಷಾಂಶ, ರೇಖಾಂಶ ಸಾಕು. ಬೆಂಗಳೂರು 12.97 ಡಿಗ್ರಿ ಉತ್ತರ, 77.59 ಡಿಗ್ರಿ ಪೂರ್ವ. ಮೈಸೂರು 12.30 ಉತ್ತರ, 76.64 ಪೂರ್ವ. ಅಂದರೆ ಮೈಸೂರು 0.67 ಡಿಗ್ರಿ ದಕ್ಷಿಣಕ್ಕಿದೆ, 0.95 ಡಿಗ್ರಿ ಪಶ್ಚಿಮಕ್ಕಿದೆ.

ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ರೇಖಾಂಶದ ಒಂದು ಡಿಗ್ರಿ ಭೂಮಧ್ಯರೇಖೆಯಲ್ಲಿ 111 ಇದ್ದರೂ ನಮ್ಮ ಕಡೆ ಸುಮಾರು 108, ಯಾಕೆಂದರೆ ಧ್ರುವದ ಕಡೆ ಹೋದ ಹಾಗೆ ವೃತ್ತ ಚಿಕ್ಕದಾಗುತ್ತದೆ, ಆ ಚಿಕ್ಕದಾಗುವ ಲೆಕ್ಕವೂ ಅಕ್ಷಾಂಶದ ಕಾಸ್‌ನಿಂದಲೇ ಬರುತ್ತದೆ. ಹಾಗಾಗಿ:

ದಕ್ಷಿಣಕ್ಕೆ: 0.67 × 111 = 74 ಕಿ.ಮೀ.
ಪಶ್ಚಿಮಕ್ಕೆ: 0.95 × 108 = 103 ಕಿ.ಮೀ.

ಇವೇ ಎರಡು ಕಾಂಪೊನೆಂಟ್‌ಗಳು. ಬೆಂಗಳೂರಿನಿಂದ ನೇರ ಪಶ್ಚಿಮಕ್ಕೆ 103 ಕಿ.ಮೀ. ಹೋಗಿ, ಅಲ್ಲಿಂದ ನೇರ ದಕ್ಷಿಣಕ್ಕೆ 74 ಕಿ.ಮೀ. ಹೋದರೆ ಮೈಸೂರು ಸಿಗುತ್ತದೆ. ಓರೆಯಾಗಿರುವ ಒಂದು ಬಾಣದ ಬದಲು ಅಕ್ಷಗಳ ಉದ್ದಕ್ಕೇ ಮಲಗಿರುವ ಎರಡು ಬಾಣಗಳು, ಅಷ್ಟೇ.

ವಾಪಸ್ ಬರುವುದು ಹೇಗೆ? ಪೈಥಾಗೊರಸ್. 103ರ ವರ್ಗ 10609, 74ರ ವರ್ಗ 5476, ಕೂಡಿದರೆ 16085, ವರ್ಗಮೂಲ ಸುಮಾರು 127. ನೇರ ದೂರ 127 ಕಿ.ಮೀ. ಕೋನಕ್ಕೆ ಟ್ಯಾನ್ (ಕೋನದ ಎದುರಿನ ಬಾಹು ಭಾಗಿಸು ಪಕ್ಕದ ಬಾಹು): 74 ÷ 103 = 0.718, ಅದರ ಕೋನ ಸುಮಾರು 36 ಡಿಗ್ರಿ. ಹಾಗಾಗಿ ಉತ್ತರ ‘127 ಕಿ.ಮೀ., ಪಶ್ಚಿಮದಿಂದ ದಕ್ಷಿಣಕ್ಕೆ 36 ಡಿಗ್ರಿ’. ಕೋನವನ್ನು ಎಲ್ಲಿಂದ ಎತ್ತ ಅಳೆದಿರಿ ಅಂತ ಬರೆಯದಿದ್ದರೆ ಉತ್ತರ ಅರ್ಧವೇ. ಬರೀ ‘36 ಡಿಗ್ರಿ’ ಅಂದರೆ ಮೈಸೂರೂ ಆಗಬಹುದು, ಆಂಧ್ರದ ಯಾವುದೋ ಊರೂ ಆಗಬಹುದು.

ಈಗ ಕಾಸ್ ಸೈನ್ ವಿಷಯ

ಅದೇ ಬಾಣವನ್ನು ಇನ್ನೊಂದು ರೀತಿ ಹೇಳಬಹುದು: ದಕ್ಷಿಣದಿಂದ ಪಶ್ಚಿಮಕ್ಕೆ 54 ಡಿಗ್ರಿ. ಊರೂ ಬದಲಾಗಿಲ್ಲ, ಬಾಣವೂ ಬದಲಾಗಿಲ್ಲ. ಕೋನ ಅಳೆದ ಜಾಗ ಬದಲಾಗಿದೆ.

36 ಡಿಗ್ರಿ ಹಿಡಿದರೆ ಪಶ್ಚಿಮದ ಕಾಂಪೊನೆಂಟ್ 127 × ಕಾಸ್ 36. 54 ಡಿಗ್ರಿ ಹಿಡಿದರೆ ಪಶ್ಚಿಮದ ಕಾಂಪೊನೆಂಟ್ 127 × ಸೈನ್ 54. ಎರಡೂ 103. ಒಂದರಲ್ಲಿ ಪಶ್ಚಿಮಕ್ಕೆ ಕಾಸ್ ಬಂತು, ಇನ್ನೊಂದರಲ್ಲಿ ಸೈನ್ ಬಂತು. ಎಕ್ಸ್‌ಗೆ ಯಾವಾಗಲೂ ಕಾಸ್ ಅಂತ ಕೂತಿದ್ದರೆ ಎರಡನೇ ಸಲ ತಪ್ಪಾಗುತ್ತಿತ್ತು, ಅಲ್ವಾ?

ಹತ್ತನೇ ತರಗತಿಯ ತ್ರಿಕೋನಮಿತಿ ನೆನಪು ಮಾಡಿಕೊಳ್ಳಿ. ಲಂಬಕೋನ ತ್ರಿಭುಜದಲ್ಲಿ ಕಾಸ್ ಅಂದರೆ ಪಾರ್ಶ್ವಬಾಹು ಭಾಗಿಸು ವಿಕರ್ಣ, ಸೈನ್ ಅಂದರೆ ಅಭಿಮುಖ ಬಾಹು ಭಾಗಿಸು ವಿಕರ್ಣ. ವೆಕ್ಟರ್ ಯಾವಾಗಲೂ ವಿಕರ್ಣ. ಹಾಗಾಗಿ ಕೋನವನ್ನು ಮುಟ್ಟಿಕೊಂಡಿರುವ ಕಾಂಪೊನೆಂಟ್‌ಗೆ ಕಾಸ್, ಕೋನದ ಎದುರಿಗಿರುವ ಕಾಂಪೊನೆಂಟ್‌ಗೆ ಸೈನ್. ಅಕ್ಷದ ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲ. ಕೋನವನ್ನು ಎಕ್ಸ್ ಅಕ್ಷದಿಂದ ಅಳೆದಾಗ ಮಾತ್ರ ಎಕ್ಸ್‌ಗೆ ಕಾಸ್ ಬರುತ್ತದೆ. ಪುಸ್ತಕದ ಮೊದಲ ಲೆಕ್ಕಗಳಲ್ಲಿ ಹಾಗೇ ಅಳೆದಿರುತ್ತಾರೆ, ಅದಕ್ಕೇ ಈ ಸೂತ್ರ ಅಭ್ಯಾಸವಾಗಿಬಿಡುವುದು.

ಅನುಮಾನ ಬಂದರೆ ತುದಿಯ ಬೆಲೆ ಹಾಕಿ ನೋಡಿ. ಕೋನ ಸೊನ್ನೆಯಾದರೆ ಈ ಕಾಂಪೊನೆಂಟ್ ಪೂರ್ತಿ ಆಗಬೇಕಾ, ಸೊನ್ನೆ ಆಗಬೇಕಾ? ಪೂರ್ತಿ ಆಗಬೇಕಾದರೆ ಕಾಸ್, ಸೊನ್ನೆ ಆಗಬೇಕಾದರೆ ಸೈನ್. ಐದು ಸೆಕೆಂಡ್ ಸಾಕು. ಇಡೀ ಬರಹದಲ್ಲಿ ಒಂದೇ ಮಾತು ಉಳಿಸಿಕೊಳ್ಳುವುದಾದರೆ ಇದನ್ನು ಉಳಿಸಿಕೊಳ್ಳಿ.

ಕೂಡುವುದು: ಮೈಸೂರಿನಿಂದ ಮಂಗಳೂರಿಗೆ

ಮಂಗಳೂರು ಸುಮಾರು 12.87 ಡಿಗ್ರಿ ಉತ್ತರ, 74.86 ಡಿಗ್ರಿ ಪೂರ್ವ. ಮೈಸೂರಿನಿಂದ ನೋಡಿದರೆ 0.57 ಡಿಗ್ರಿ ಉತ್ತರಕ್ಕೆ, 1.78 ಡಿಗ್ರಿ ಪಶ್ಚಿಮಕ್ಕೆ. ಅಂದರೆ ಉತ್ತರಕ್ಕೆ 63 ಕಿ.ಮೀ., ಪಶ್ಚಿಮಕ್ಕೆ 192 ಕಿ.ಮೀ. ನೇರ ದೂರ 202.

ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಅಲ್ಲಿಂದ ಮಂಗಳೂರಿಗೆ ಹೋದರೆ ಒಟ್ಟು ಸ್ಥಾನಪಲ್ಲಟ ಎಷ್ಟು? ಪೂರ್ವವನ್ನು ಪ್ಲಸ್ ಎಕ್ಸ್, ಉತ್ತರವನ್ನು ಪ್ಲಸ್ ವೈ ಅಂತ ಇಟ್ಟುಕೊಳ್ಳಿ.

ಮೊದಲ ಬಾಣ: ಎಕ್ಸ್ −103, ವೈ −74
ಎರಡನೇ ಬಾಣ: ಎಕ್ಸ್ −192, ವೈ +63
ಮೊತ್ತ: ಎಕ್ಸ್ −295, ವೈ −11

ಎಕ್ಸ್ ಜೊತೆ ಎಕ್ಸ್, ವೈ ಜೊತೆ ವೈ. ಬಾಣಗಳ ಕಷ್ಟ ಸಾಮಾನ್ಯ ಕೂಡುವ ಕಳೆಯುವ ಲೆಕ್ಕವಾಯಿತು. ಫಲಿತ ಸುಮಾರು 295 ಕಿ.ಮೀ., ಪಶ್ಚಿಮದಿಂದ ದಕ್ಷಿಣಕ್ಕೆ 2 ಡಿಗ್ರಿ ಮಾತ್ರ, ಅಂದರೆ ಮಂಗಳೂರು ಬೆಂಗಳೂರಿಗೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕಿದೆ. ಭೂಪಟ ತೆಗೆದು ನೋಡಿ, ಹೌದು. 127 ಮತ್ತು 202 ಸುಮ್ನೆ ಕೂಡಿದ್ದರೆ 329 ಬರುತ್ತಿತ್ತು.

ಬಾಣಗಳು ಎಷ್ಟೇ ಇರಲಿ ಕ್ರಮ ಇದೇ. ಅಕ್ಷ ಗೊತ್ತು ಮಾಡಿ, ಪ್ರತಿ ಬಾಣ ಒಡೆಯಿರಿ, ಚಿಹ್ನೆ ಹಾಕಿ, ಸಾಲಾಗಿ ಬರೆದು ಕೂಡಿ, ಕೊನೆಗೆ ಪೈಥಾಗೊರಸ್ ಮತ್ತು ಟ್ಯಾನ್. ಚಿಹ್ನೆಯನ್ನು ಚಿತ್ರ ನೋಡಿ ಹಾಕಿ. ಎಡಕ್ಕೆ ಹೋಗುತ್ತಿದ್ದರೆ ಮೈನಸ್, ಕೆಳಗೆ ಹೋಗುತ್ತಿದ್ದರೆ ಮೈನಸ್, ಇದಕ್ಕೆ ಸೂತ್ರ ಬೇಡ.

ಕೊನೆಯ ಹೆಜ್ಜೆಯಲ್ಲಿ ಒಂದು ಗುಂಡಿ ಇದೆ. ಈ ಲೆಕ್ಕ ನೋಡಿ: 50 ಮೀಟರ್ ಪೂರ್ವದಿಂದ ಉತ್ತರಕ್ಕೆ 37 ಡಿಗ್ರಿ, ಆಮೇಲೆ 60 ಮೀಟರ್ ಪಶ್ಚಿಮಕ್ಕೆ, ಆಮೇಲೆ 20 ಮೀಟರ್ ದಕ್ಷಿಣಕ್ಕೆ. ಮೊದಲನೆಯದು (40, 30), ಎರಡನೆಯದು (−60, 0), ಮೂರನೆಯದು (0, −20). ಮೊತ್ತ (−20, 10). ಪರಿಮಾಣ 500ರ ವರ್ಗಮೂಲ, 22.4 ಮೀಟರ್. ಕೋನಕ್ಕೆ ಕ್ಯಾಲ್ಕುಲೇಟರ್‌ನಲ್ಲಿ 10 ÷ −20 ಹಾಕಿ ಟ್ಯಾನ್ ಇನ್ವರ್ಸ್ ಒತ್ತಿದರೆ −26.6 ಡಿಗ್ರಿ ಬರುತ್ತದೆ. ಅದು ಆಗ್ನೇಯದ ಕಡೆ ತೋರಿಸುತ್ತದೆ. ಆದರೆ ನಮ್ಮ ಬಾಣ ಎಡಕ್ಕೆ ಮತ್ತು ಮೇಲಕ್ಕೆ, ಅಂದರೆ ವಾಯವ್ಯಕ್ಕೆ. ಕ್ಯಾಲ್ಕುಲೇಟರ್‌ಗೆ ಭಾಗಲಬ್ಧ ಮಾತ್ರ ಕಾಣುತ್ತದೆ, ಮೈನಸ್ ಮೇಲಿತ್ತಾ ಕೆಳಗಿತ್ತಾ ಅಂತ ಅದಕ್ಕೆ ಗೊತ್ತಾಗದು. ಎಕ್ಸ್ ಮೈನಸ್ ಇದ್ದಾಗಲೆಲ್ಲ 180 ಸೇರಿಸಿ: −26.6 + 180 = 153.4 ಡಿಗ್ರಿ, ಪ್ಲಸ್ ಎಕ್ಸ್‌ನಿಂದ. ಇಲ್ಲವೇ ಚಿಹ್ನೆ ಬಿಟ್ಟು ಕೋನ ತೆಗೆದು ‘ಪಶ್ಚಿಮದಿಂದ ಉತ್ತರಕ್ಕೆ 26.6 ಡಿಗ್ರಿ’ ಅಂತ ಬರೆಯಿರಿ, ನನಗೆ ಇದೇ ಇಷ್ಟ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯಾ ರೇಡಿಯನ್‌ನಲ್ಲಿದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಕೆಸಿಇಟಿ, ನೀಟ್‌ಗಳಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಅದಕ್ಕೇ ಅಲ್ಲಿ 37 ಮತ್ತು 53 ಡಿಗ್ರಿ ಪದೇ ಪದೇ ಕಾಣುತ್ತವೆ. 3, 4, 5 ತ್ರಿಭುಜದ ಕೋನಗಳು ಹೆಚ್ಚುಕಡಿಮೆ ಇವೇ. ಕಾಸ್ 37 ಅಂದರೆ 0.8, ಸೈನ್ 37 ಅಂದರೆ 0.6, 53ಕ್ಕೆ ತಿರುಗುಮುರುಗು. 30, 45, 60ರ ಜೊತೆ ಇವನ್ನೂ ಬಾಯಿಗೆ ತಂದುಕೊಳ್ಳಿ.

ಪುಸ್ತಕದಲ್ಲಿ ಇದನ್ನೇ ಐ ಕ್ಯಾಪ್, ಜೆ ಕ್ಯಾಪ್ ಹಾಕಿ ಬರೆಯುತ್ತಾರೆ. ಐ ಕ್ಯಾಪ್ ಅಂದರೆ ಎಕ್ಸ್ ಕಡೆಗೆ ಒಂದು ಹೆಜ್ಜೆ, ಜೆ ಕ್ಯಾಪ್ ಅಂದರೆ ವೈ ಕಡೆಗೆ ಒಂದು ಹೆಜ್ಜೆ, ಕೆ ಕ್ಯಾಪ್ ಅಂದರೆ ಝಡ್ ಕಡೆಗೆ. ಮೇಲಿನ ಉತ್ತರ ‘−20 ಐ ಕ್ಯಾಪ್ + 10 ಜೆ ಕ್ಯಾಪ್’ ಆಗುತ್ತದೆ. ಐ, ಜೆ, ಕೆ ಅನ್ನುವ ಅಕ್ಷರಗಳು ಬಂದದ್ದು ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಡಬ್ಲಿನ್‌ನಲ್ಲಿ ಕಂಡುಕೊಂಡ ಕ್ವಾಟರ್ನಿಯನ್, ಅಂದರೆ ನಾಲ್ಕು ಭಾಗದ ಸಂಖ್ಯೆಗಳ ಗಣಿತದಿಂದ. 1880ರ ದಶಕದಲ್ಲಿ ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್ ಬೇರೆ ಬೇರೆಯಾಗಿ ಅದನ್ನು ಸರಳ ಮಾಡಿ ಇವತ್ತಿನ ರೂಪ ಕೊಟ್ಟರು. ನ್ಯೂಟನ್ ಕಾಲದಲ್ಲಿ ಈ ಬರವಣಿಗೆ ಇರಲಿಲ್ಲ, ಆದರೂ 1687ರಲ್ಲೇ ಅವನು ಬಲಗಳನ್ನು ಸಮಾಂತರ ಚತುರ್ಭುಜದಿಂದ ಕೂಡಿದ್ದ.

ಬಲಗಳು: ತೇರಿನ ಹಗ್ಗ, ಬಟ್ಟೆಯ ಹಗ್ಗ

ತೇರಿಗೆ ಎರಡು ಹಗ್ಗ ಕಟ್ಟಿ ಎರಡು ಗುಂಪು ಎಳೆಯುತ್ತಿವೆ. ಲೆಕ್ಕ ಸುಲಭವಾಗಲಿ ಅಂತ ಒಂದೊಂದು ಹಗ್ಗದಲ್ಲಿ 500 ನ್ಯೂಟನ್ ಅಂತ ಇಟ್ಟುಕೊಳ್ಳೋಣ. ಎರಡೂ ಹಗ್ಗ ನೇರ ದಾರಿಯಿಂದ ಎರಡೂ ಬದಿಗೆ 20 ಡಿಗ್ರಿ ಓರೆ. ಮುಂದಕ್ಕೆ ಎಳೆಯುವುದು ಒಂದೊಂದರಲ್ಲಿ 500 × ಕಾಸ್ 20, ಅಂದರೆ 470. ಒಟ್ಟು 940. ಪಕ್ಕದ ಕಾಂಪೊನೆಂಟ್ ಒಂದು ಎಡಕ್ಕೆ, ಒಂದು ಬಲಕ್ಕೆ, ಹೊಡೆದುಹೋಗುತ್ತವೆ. ಅದೇ ಗುಂಪುಗಳು 60 ಡಿಗ್ರಿ ಅಗಲಕ್ಕೆ ಹೋದರೆ ಒಟ್ಟು 500 ಮಾತ್ರ. 80 ಡಿಗ್ರಿಗೆ ಹೋದರೆ 174. ಜನ ಅಷ್ಟೇ, ಕಸುವು ಅಷ್ಟೇ, ಆದರೆ ತೇರು ಅಲ್ಲಾಡುವುದಿಲ್ಲ.

ಇದನ್ನೇ ತಿರುಗಿಸಿ ನೋಡಿದರೆ ಇನ್ನೂ ಚೆಂದ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗದ ನಡುವೆ 20 ನ್ಯೂಟನ್ ತೂಕದ, ಅಂದರೆ ಸುಮಾರು 2 ಕೆ.ಜಿ.ಯ ಒದ್ದೆ ಬಟ್ಟೆ ಹಾಕಿದ್ದೀರಿ. ಹಗ್ಗ ಎರಡೂ ಕಡೆ ಅಡ್ಡಗೆರೆಯಿಂದ 5 ಡಿಗ್ರಿ ಜೋತಿದೆ. ಬಟ್ಟೆಯನ್ನು ಮೇಲೆ ಹಿಡಿದಿರುವುದು ಎರಡೂ ಬದಿಯ ಹಗ್ಗದ ಮೇಲ್ಮುಖ ಕಾಂಪೊನೆಂಟ್ ಮಾತ್ರ. ಕೋನ ಅಡ್ಡಗೆರೆಯಿಂದ ಅಳೆದದ್ದು, ಮೇಲ್ಮುಖ ಕಾಂಪೊನೆಂಟ್ ಕೋನದ ಎದುರಿಗಿದೆ, ಹಾಗಾಗಿ ಸೈನ್. 2 × ಎಳೆತ × ಸೈನ್ 5 = 20. ಸೈನ್ 5 ಅಂದರೆ 0.087. ಎಳೆತ ಸುಮಾರು 115 ನ್ಯೂಟನ್! 20 ನ್ಯೂಟನ್ ಬಟ್ಟೆಗೆ ಹಗ್ಗದಲ್ಲಿ ಆರು ಪಟ್ಟು ಹತ್ತಿರದ ಎಳೆತ. 30 ಡಿಗ್ರಿ ಜೋತುಬಿದ್ದಿದ್ದರೆ ಬರೀ 20 ನ್ಯೂಟನ್ ಸಾಕಿತ್ತು. ಬಿಗಿಯಾಗಿ ಕಟ್ಟಿದ ಹಗ್ಗ ಮೊಳೆಯನ್ನೇ ಕಿತ್ತುಕೊಂಡು ಬರುವುದು ಇದಕ್ಕೇ.

ಓರೆ ಅಕ್ಷ: ಘಾಟಿಯಲ್ಲಿ ಲಾರಿ

ಈಗ ಮೊದಲು ಹೇಳಿದ ಇಳಿಜಾರು. ಶಿರಾಡಿ ಘಾಟಿಯಂಥ ದಾರಿಯಲ್ಲಿ 10,000 ಕೆ.ಜಿ.ಯ ಲಾರಿ ನಿಂತಿದೆ, ಅಲ್ಲಿ ರಸ್ತೆ 5 ಡಿಗ್ರಿ ಇಳಿಜಾರು ಅಂದುಕೊಳ್ಳಿ. ತೂಕ 98,000 ನ್ಯೂಟನ್, ನೇರ ಕೆಳಕ್ಕೆ.

ಅಕ್ಷಗಳನ್ನು ನೆಲಕ್ಕೆ ಅಡ್ಡ ಮತ್ತು ಲಂಬವಾಗಿ ಇಡಬೇಕು ಅಂತ ಯಾರೂ ಕಟ್ಟಳೆ ಮಾಡಿಲ್ಲ. ಲಾರಿ ಜಾರುವುದಾದರೆ ರಸ್ತೆಯ ಉದ್ದಕ್ಕೇ ಜಾರಬೇಕು, ಆದ್ದರಿಂದ ಎಕ್ಸ್ ಅಕ್ಷವನ್ನು ರಸ್ತೆಯ ಉದ್ದಕ್ಕೆ ಇಡಿ, ವೈ ಅಕ್ಷವನ್ನು ರಸ್ತೆಗೆ ಲಂಬವಾಗಿ. ಹೀಗೆ ಮಾಡಿದರೆ ರಸ್ತೆಯ ಒತ್ತುಬಲ ಪೂರ್ತಿ ವೈ, ಘರ್ಷಣೆ ಪೂರ್ತಿ ಎಕ್ಸ್, ಒಡೆಯಬೇಕಾದ್ದು ತೂಕ ಒಂದೇ.

ತೂಕದ ಬಾಣ ಯಾವ ಅಕ್ಷದ ಜೊತೆ 5 ಡಿಗ್ರಿ ಮಾಡುತ್ತದೆ? ಎಲ್ಲರೂ ತಡವರಿಸುವುದು ಇಲ್ಲಿ. ರಸ್ತೆ ಸಪಾಟಾಗಿದ್ದಾಗ ರಸ್ತೆಯ ಲಂಬಗೆರೆ ಮತ್ತು ತೂಕದ ಗೆರೆ ಒಂದೇ. ರಸ್ತೆಯನ್ನು 5 ಡಿಗ್ರಿ ಎತ್ತಿದರೆ ಅದರ ಲಂಬಗೆರೆಯೂ 5 ಡಿಗ್ರಿ ವಾಲುತ್ತದೆ, ತೂಕ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ 5 ಡಿಗ್ರಿ ಇರುವುದು ತೂಕಕ್ಕೂ ವೈ ಅಕ್ಷಕ್ಕೂ ನಡುವೆ. ಕೋನವನ್ನು ಮುಟ್ಟಿಕೊಂಡಿರುವುದು ವೈ ಕಾಂಪೊನೆಂಟ್, ಅದಕ್ಕೆ ಕಾಸ್: 98,000 × 0.996, ಸುಮಾರು 97,600 ನ್ಯೂಟನ್. ಎದುರಿಗಿರುವುದು ಎಕ್ಸ್ ಕಾಂಪೊನೆಂಟ್, ಅದಕ್ಕೆ ಸೈನ್: 98,000 × 0.087, ಸುಮಾರು 8,500 ನ್ಯೂಟನ್. ಎಕ್ಸ್‌ಗೆ ಸೈನ್!

ತುದಿಯ ಬೆಲೆ ಹಾಕಿ ನೋಡಿ. ಇಳಿಜಾರು ಸೊನ್ನೆಯಾದರೆ ಲಾರಿ ಜಾರಬಾರದು, ಸೈನ್ ಸೊನ್ನೆ ಅಂದರೆ ಸೊನ್ನೆ, ಸರಿ. ಕಾಸ್ ಹಾಕಿದ್ದರೆ ಸಪಾಟು ರಸ್ತೆಯಲ್ಲಿ ನಿಂತ ಲಾರಿಯನ್ನು 98,000 ನ್ಯೂಟನ್ ಬಲ ಮುಂದಕ್ಕೆ ತಳ್ಳುತ್ತಿದೆ ಅಂತ ಬರುತ್ತಿತ್ತು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಅಕ್ಷ ಓರೆ ಮಾಡಿದಾಗ ಕಾಂಪೊನೆಂಟ್‌ಗಳು ಬದಲಾದವು, ತೂಕ ಬದಲಾಗಲಿಲ್ಲ. ಅಕ್ಷ ನಾವು ಇಡುವುದು, ಕಾಂಪೊನೆಂಟ್ ಆ ಅಕ್ಷದಿಂದ ಹುಟ್ಟುವುದು. ವೆಕ್ಟರ್ ಮಾತ್ರ ನಮ್ಮನ್ನು ಕೇಳದೆ ತನ್ನಷ್ಟಕ್ಕೆ ಇರುತ್ತದೆ.

ಕಳೆಯುವುದು: ಮಳೆ ಮತ್ತು ಕೊಡೆ

ವೆಕ್ಟರ್ ಕಳೆಯುವುದು ಅಂದರೆ ಅದನ್ನು ತಿರುಗಿಸಿ ಕೂಡುವುದು. ಮಳೆಯ ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿ ಇಲ್ಲ, ಹನಿ ನೇರ ಕೆಳಕ್ಕೆ. ನೀವು ಸೈಕಲ್‌ನಲ್ಲಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿ.ಮೀ. ಹೋಗುತ್ತಿದ್ದೀರಿ. ನಿಮಗೆ ಮಳೆ ಎತ್ತಲಿಂದ ಬರುತ್ತದೆ? ಮಳೆಯ ವೇಗದಿಂದ ನಿಮ್ಮ ವೇಗ ಕಳೆಯಬೇಕು. ಮಳೆ (0, −9), ನೀವು (5, 0), ವ್ಯತ್ಯಾಸ (−5, −9). ಹನಿ ಮುಂದಿನಿಂದ ಹಿಂದಕ್ಕೆ ಓರೆಯಾಗಿ ಮುಖಕ್ಕೆ ಹೊಡೆಯುತ್ತದೆ. ಲಂಬಗೆರೆಯಿಂದ ಕೋನದ ಟ್ಯಾನ್ 5 ÷ 9, ಸುಮಾರು 29 ಡಿಗ್ರಿ. ಕೊಡೆಯನ್ನು ಅಷ್ಟು ಮುಂದಕ್ಕೆ ವಾಲಿಸಬೇಕು.

ಹೊಳೆ ದಾಟುವುದು

ಹಂಪಿ, ಆನೆಗೊಂದಿ ಕಡೆ ತುಂಗಭದ್ರೆಯಲ್ಲಿ ಹರಿಗೋಲು ನೋಡಿರುತ್ತೀರಿ. ಬಿದಿರಿನ ದುಂಡು ಬುಟ್ಟಿ, ಅದಕ್ಕೆ ಮುಂದು ಹಿಂದು ಇಲ್ಲ, ಅಂಬಿಗ ಎತ್ತ ಹುಟ್ಟು ಹಾಕುತ್ತಾನೋ ಅದೇ ಅದರ ದಿಕ್ಕು. ನೀರಿನ ಸೆಳೆತ ಸೆಕೆಂಡಿಗೆ 0.4 ಮೀಟರ್, ನಿಂತ ನೀರಲ್ಲಿ ಹರಿಗೋಲಿನ ವೇಗ 0.75 ಮೀಟರ್, ಹೊಳೆ 120 ಮೀಟರ್ ಅಗಲ ಅಂತ ಇಟ್ಟುಕೊಳ್ಳೋಣ.

ಅಂಬಿಗ ನೇರ ಆಚೆ ದಡಕ್ಕೆ ಗುರಿಯಿಟ್ಟು ಹುಟ್ಟು ಹಾಕಿದರೆ ದಾಟುವ ದಿಕ್ಕಿನ ಕಾಂಪೊನೆಂಟ್ ಪೂರ್ತಿ 0.75. ಸಮಯ 120 ÷ 0.75 = 160 ಸೆಕೆಂಡ್. ಅಷ್ಟರಲ್ಲಿ ಹೊಳೆ ಅವನನ್ನು 0.4 × 160 = 64 ಮೀಟರ್ ಕೆಳಗೆ ಒಯ್ದಿರುತ್ತದೆ. ದಡದಿಂದ ನೋಡುವವರಿಗೆ ಅವನ ಜವ 0.85. ಹಾಗಂತ 120ನ್ನು 0.85ರಿಂದ ಭಾಗಿಸಿ ಸಮಯ ತೆಗೆದರೆ ತಪ್ಪು. 120 ಮೀಟರ್ ಇರುವುದು ಒಂದು ದಿಕ್ಕಿಗೆ, 0.85 ಇರುವುದು ಇನ್ನೊಂದು ದಿಕ್ಕಿಗೆ. ಹೊಳೆಯ ಅಗಲವನ್ನು ಅಗಲದ ಕಡೆಯ ಕಾಂಪೊನೆಂಟ್‌ನಿಂದ ಮಾತ್ರ ಭಾಗಿಸಬೇಕು. ಸೆಳೆತ ಎಷ್ಟೇ ಜೋರಾದರೂ ಈ 160 ಸೆಕೆಂಡ್ ಬದಲಾಗುವುದಿಲ್ಲ. ಲಂಬವಾಗಿರುವ ಎರಡು ಕಾಂಪೊನೆಂಟ್‌ಗಳು ಒಂದಕ್ಕೊಂದು ತಂಟೆ ಮಾಡುವುದಿಲ್ಲ, ಎಸೆದ ಕಲ್ಲಿನ ಲೆಕ್ಕಗಳೆಲ್ಲ ನಿಂತಿರುವುದೂ ಇದೇ ಮಾತಿನ ಮೇಲೆ.

ನೇರ ಎದುರಿನ ಮೆಟ್ಟಿಲಿಗೇ ಮುಟ್ಟಬೇಕಾದರೆ? ಆಗ ಸೆಳೆತಕ್ಕೆ ಎದುರಾಗಿ ಸ್ವಲ್ಪ ಓರೆ ಹಾಕಬೇಕು, 0.75ರಲ್ಲಿ 0.4ರಷ್ಟು ಕಾಂಪೊನೆಂಟ್ ಸೆಳೆತವನ್ನು ಹೊಡೆದುಹಾಕಲು ಹೋಗುತ್ತದೆ. ಸೈನ್ = 0.4 ÷ 0.75 = 0.533, ಕೋನ ಸುಮಾರು 32 ಡಿಗ್ರಿ. ದಾಟಲು ಉಳಿಯುವುದು 0.5625 − 0.16ರ ವರ್ಗಮೂಲ, 0.634. ಸಮಯ ಸುಮಾರು 189 ಸೆಕೆಂಡ್. ದಾರಿ ಚಿಕ್ಕದು, ಹೊತ್ತು ಜಾಸ್ತಿ. ‘ಕಡಿಮೆ ಸಮಯ’ ಅಂತ ಕೇಳಿದರೆ ಮೊದಲನೆಯದು, ‘ಕಡಿಮೆ ದೂರ’ ಅಂತ ಕೇಳಿದರೆ ಎರಡನೆಯದು. ಪ್ರಶ್ನೆಯ ಆ ಒಂದು ಪದವನ್ನು ಗೆರೆ ಎಳೆದು ಓದಿ.

ನೀವೇ ಮಾಡಿ

ತೇರಿಗೆ ಬಲಗಡೆ ಹಗ್ಗದಲ್ಲಿ 600 ನ್ಯೂಟನ್, 30 ಡಿಗ್ರಿ ಓರೆ. ಎಡಗಡೆಯವರಿಗೆ 400 ನ್ಯೂಟನ್ ಮಾತ್ರ ಸಾಧ್ಯ. ತೇರು ನೇರ ಹೋಗಬೇಕಾದರೆ ಅವರು ಎಷ್ಟು ಓರೆ ನಿಲ್ಲಬೇಕು, ಒಟ್ಟು ಮುಂದಕ್ಕೆ ಎಷ್ಟು ಬಲ?

ಅದೇ ಮಳೆಯಲ್ಲಿ ಸೈಕಲ್ ಬದಲು ಸೆಕೆಂಡಿಗೆ 10 ಮೀಟರ್ ಹೋಗುವ ಸ್ಕೂಟರ್‌ನಲ್ಲಿದ್ದರೆ ಮಳೆ ಲಂಬಗೆರೆಯಿಂದ ಎಷ್ಟು ಓರೆಯಾಗಿ ಕಾಣುತ್ತದೆ?

ಹೊಳೆಯ ಸೆಳೆತ 0.9 ಮೀಟರ್‌ಗೆ ಏರಿದೆ. ಅದೇ ಹರಿಗೋಲಿನಲ್ಲಿ ನೇರ ಎದುರಿಗೆ ಮುಟ್ಟಬಹುದಾ?

ಉತ್ತರಗಳು: ಮೊದಲನೆಯದಕ್ಕೆ ಪಕ್ಕದ ಕಾಂಪೊನೆಂಟ್ ಸಮ ಆಗಬೇಕು, 300 = 400 × ಸೈನ್, ಕೋನ ಸುಮಾರು 48.6 ಡಿಗ್ರಿ, ಮುಂದಕ್ಕೆ 520 ಮತ್ತು 265 ಸೇರಿ ಸುಮಾರು 785 ನ್ಯೂಟನ್. ಎರಡನೆಯದು ಸುಮಾರು 48 ಡಿಗ್ರಿ. ವೇಗ ಎರಡು ಪಟ್ಟಾದರೂ ಕೋನ ಎರಡು ಪಟ್ಟಾಗಿಲ್ಲ ಅನ್ನುವುದನ್ನು ನೋಡಿ. ಮೂರನೆಯದರಲ್ಲಿ ಸೈನ್ 0.9 ÷ 0.75, ಅಂದರೆ 1.2 ಆಗಬೇಕು. ಅಂಥ ಕೋನವೇ ಇಲ್ಲ, ಹಾಗಾಗಿ ಎತ್ತ ಹುಟ್ಟು ಹಾಕಿದರೂ ಹರಿಗೋಲು ಕೆಳಗೆ ಹೋಗಿಯೇ ದಡ ಸೇರುತ್ತದೆ. ಆದರೆ ನೇರಕ್ಕೆ ಗುರಿಯಿಟ್ಟರೆ 160 ಸೆಕೆಂಡಿನಲ್ಲೇ ದಾಟುತ್ತದೆ, ಮೊದಲಿನಷ್ಟೇ.